ಕಾವೇರಿಯ ತಿಟ್ಟುಗಳ ನಡುವೆ ದೋಣಿ

ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿಗಳು ಇಳಿಯುವ ಹೊತ್ತಿಗೆ ಮನೆ ಬಿಟ್ಟರೆ, ಬಿಸಿಲು ಚುರುಕಾಗುವ ಮುಂಚೆ ರಂಗನತಿಟ್ಟು ತಲುಪಬಹುದು. ಶ್ರೀರಂಗಪಟ್ಟಣದ ಪಕ್ಕದ ಈ ಪಕ್ಷಿಧಾಮದ ಹೊಳೆ ಬಸವನಗುಡಿಯವರಿಗೆ ಹೊಸದೇನಲ್ಲ. ಇಲ್ಲಿನ ತಿಟ್ಟುಗಳನ್ನು ಬಳಸಿ ಹರಿದ ಕಾವೇರಿಯೇ ಮುಂದೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಾಗುತ್ತಾ ಮೇಲೇರಿ ನಮ್ಮ ನಲ್ಲಿಗೆ ಬರುತ್ತದೆ. 1974ರಿಂದ ಈ ನೀರು ಕುಡಿಯುತ್ತಿರುವ ನಾವು, ಇದೇ ನೀರನ್ನು ನಂಬಿದ ಇತರ ಸಂಸಾರಗಳನ್ನೂ ಒಮ್ಮೆ ನೋಡಿ ಬರಬೇಕು.

ಕಂಠೀರವ ನರಸರಾಜ ಒಡೆಯರು 1645–48ರ ಸುಮಾರಿಗೆ ಹೊಳೆಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಈ ತಿಟ್ಟುಗಳು ಉಂಟಾದವು. ಮೈಸೂರು ಸೀಮೆಯ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಅರಸರ ಮನವೊಲಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಗೌರವ ಪಡೆದ ಮೊದಲ ಜೌಗು ನೆಲೆ ಇದು.

ಅರಣ್ಯ ಇಲಾಖೆಯ ದೋಣಿಗೆ ಹುಟ್ಟು ಹಾಕುವವರು ಹೊಳೆಯ ಒಂದೊಂದು ಬಂಡೆಯನ್ನೂ ಬಲ್ಲರು. ಅವರು ಹುಟ್ಟು ಎತ್ತಿ ಹಿಡಿದು ದೋಣಿ ತಾನಾಗಿ ತೇಲುವಂತೆ ಬಿಟ್ಟರೆ, ಅಲ್ಲೇನೋ ಇದೆಯೆಂದೇ ಅರ್ಥ. ಕಲ್ಲಿನ ಬಣ್ಣಕ್ಕೆ ಬೆರೆತು ಹೋದ ಮೊಸಳೆ ಬಾಯಿ ತೆರೆದುಕೊಂಡು ಮಲಗಿರುತ್ತದೆ. ಅದು ಸಿಟ್ಟಲ್ಲ, ಮೈಯ ಕಾವು ಇಳಿಸಿಕೊಳ್ಳುವ ಬಗೆ. ಬಂಡೆಯ ಮರೆಯಲ್ಲಿ ಕವಲುತೋಕೆಗಳ ಮಣ್ಣಿನ ಗೂಡು, ಮೇಲೆ ಮರದ ತುಂಬ ಜೋತುಬಿದ್ದ ತೊಗಲುಬಾವಲಿಗಳು, ಬಿದಿರು ಮೆಳೆಯ ತುದಿಯಲ್ಲಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳ ಕಚ್ಚಾಟ. ಚಮಚಕೊಕ್ಕಿನ ಹಕ್ಕಿ ಆಳವಿಲ್ಲದ ನೀರಿನಲ್ಲಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ. ನಾನು ಬಹಳ ಹೊತ್ತು ನೋಡುವುದು ಮಾತ್ರ ಬಣ್ಣದ ಕೊಕ್ಕರೆಯನ್ನು. ಏಪ್ರಿಲ್ ಬಿಸಿಲಿನಲ್ಲಿ ಅದು ಗೂಡಿನ ಮೇಲೆ ಅರೆ ರೆಕ್ಕೆ ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತುಬಿಡುತ್ತದೆ; ಮರಿಗಳು ಆ ನೆರಳಿನಲ್ಲಿ ಬಾಯಿ ಬಿಡುತ್ತಾ ಕೂತಿರುತ್ತವೆ. ನೆರಳು ಸರಿದಂತೆ ತಾಯಿಯೂ ತಿರುಗುತ್ತದೆ.

ನೀರುನಾಯಿಗಳೂ ಇಲ್ಲುಂಟು, ಆದರೆ ಗದ್ದಲ ಮಾಡುವ ಗುಂಪಿಗೆ ಕಾಣಸಿಗುವುದು ಅಪರೂಪ. ದಯವಿಟ್ಟು ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ಗೂಡು ಬಿಟ್ಟು ತಾಯಿ ಹಾರಿದ ಅಷ್ಟು ಹೊತ್ತೂ ಮರಿ ಬಿಸಿಲಿಗೆ ಬೀಳುತ್ತದೆ.

ಇಲ್ಲಿನ ಹಕ್ಕಿಗಳ ಬಾಳು ಮೇಲಿರುವ ಕನ್ನಂಬಾಡಿ ಕಟ್ಟೆಯ ಗೇಟಿನ ಕೈಯಲ್ಲಿದೆ. ನದಿ ರೀವ ಎಂಬ ಹಕ್ಕಿ ಗೂಡು ಕಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಬರಿಯ ಬಂಡೆ, ಮರಳಿನ ಮೇಲೆ ಮೊಟ್ಟೆಯಿಡುತ್ತದೆ. ಆಗ ಹೊಳೆ ಸ್ವಲ್ಪ ಏರಿದರೂ ಸಾಕು, ಮೊಟ್ಟೆಗಳು ತೇಲಿಹೋಗುತ್ತವೆ. ನೀರು ಬಿಡುವ ಲೆಕ್ಕದಲ್ಲಿ ಗದ್ದೆಗೆ, ನಗರಕ್ಕೆ ಇರುವಂತೆ ಈ ಬಂಡೆಗಳಿಗೂ ಒಂದು ಪಾಲು ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಳೆಗಾಲದಲ್ಲಿ ಕಟ್ಟೆ ತುಂಬಿ ಹೊರಹರಿವು ಹೆಚ್ಚಿದರೆ ದೋಣಿ ನಿಲ್ಲುತ್ತದೆ, ವಿಚಾರಿಸಿಕೊಂಡು ಹೊರಡಿ. ಗೂಡುಗಳನ್ನು ನೋಡಲು ಫೆಬ್ರವರಿಯಿಂದ ಮೇವರೆಗೆ ಒಳ್ಳೆಯ ಕಾಲ. ವಾಪಸು ಬರುವಾಗ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಿಬನ್ನಿ. ಅಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುತ್ತವೆ, ನೋಡಲು ದೋಣಿಯೂ ಬೇಡ.