ಟಾಕೀಸಿನ ಲೆಕ್ಕದ ಪುಸ್ತಕ

ಬಸ್ ಸ್ಟ್ಯಾಂಡಿನಿಂದ ಪೇಟೆ ಬೀದಿಗೆ ತಿರುಗುವ ಕಡೆ ಆಟೋದವರು ಈಗಲೂ 'ಟಾಕೀಸ್ ಸರ್ಕಲ್, ಟಾಕೀಸ್ ಸರ್ಕಲ್' ಎಂದೇ ಕೂಗುತ್ತಾರೆ. ದಾವಣಗೆರೆಯ ರೈಲ್ವೆ ಗೇಟಿಗೆ ಅಶೋಕ ಟಾಕೀಸ್ ಗೇಟ್ ಎಂದು ಹೆಸರು ನಿಂತ ಹಾಗೆ, ನಮ್ಮ ಊರುಗಳಲ್ಲಿ ಟಾಕೀಸು ಒಂದು ವಿಳಾಸ. ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಈ ಚಿತ್ರಮಂದಿರದ ಹೆಸರನ್ನು ಮಾತ್ರ ಬರೆಯುವಂತಿಲ್ಲ. ಅಣ್ಣತಮ್ಮಂದಿರ ಪಾಲು ಇನ್ನೂ ಇತ್ಯರ್ಥವಾಗಿಲ್ಲ. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆಯೇ ಯಜಮಾನರು ಬೀಗ ತೆಗೆಸಿದ್ದು. ಬೀಗದ ಕೈ ಇರುವುದು ಹಳೆಯ ಆಪರೇಟರ್ ಹತ್ತಿರ. ಎಪ್ಪತ್ತು ದಾಟಿದವರು, ಹೆಗಲ ಮೇಲೆ ಟವೆಲ್ಲು. "ಬನ್ನಿ ಸಾರ್. ಒಳಗೆ ಬಾವಲಿ ಅವೆ, ಏನೂ ಮಾಡಲ್ಲ" ಎಂದು ಮುಂದೆ ನಡೆದರು.

ಗೇಟಿನ ಎಡಕ್ಕೆ ಸೈಕಲ್ ಸ್ಟ್ಯಾಂಡು, ತಗಡು ಅರ್ಧ ಹಾರಿಹೋಗಿದೆ. ಮುಂಗೋಡೆಗೆ ಪೋಸ್ಟರ್ ಮೇಲೆ ಪೋಸ್ಟರ್ ಅಂಟಿಸಿ ಮೈದಾ ಗೋಂದಿನ ಪದರ ಬೆರಳು ದಪ್ಪ ಆಗಿದೆ. ಉಗುರಿನಿಂದ ಕೆರೆದರೆ ಕೆಂಪು, ಅದರಡಿ ನೀಲಿ, ಅದರಡಿ ಯಾರದೋ ಮೀಸೆ. ಒಂದು ಮೂಲೆಯಲ್ಲಿ 'ಇಂದೇ ಕಡೆ' ಚೀಟಿಯ ತುಂಡು. ಅದನ್ನು ನೋಡಿ ನಾನು ನಿಟ್ಟುಸಿರು ಬಿಡುವ ಮೊದಲೇ ಅವರು ನಕ್ಕರು: "ಅದು ಸುಳ್ ಚೀಟಿ ಸಾರ್. ಇಂದೇ ಕಡೆ ಅಂತ ಹಾಕಿದ್ರೆ ಸೆಕೆಂಡ್ ಶೋಗೆ ಜನ ನುಗ್ಗೋರು. ನುಗ್ಗಿದ್ರೆ ಇನ್ನೆರಡು ದಿನ ಓಡ್ಸೋದು."

ಇಂಥ ಮುಂಭಾಗಗಳ ಫೋಟೋಗಳಿಗೆ ಈಗ ಬರವಿಲ್ಲ. ಹಿಂದಿ ಚಿತ್ರಗಳ ಛಾಯಾಗ್ರಾಹಕ ಹೇಮಂತ್ ಚತುರ್ವೇದಿ 2019ರಿಂದ ದೇಶವಿಡೀ ಸುತ್ತಿ ಸಿಂಗಲ್ ಸ್ಕ್ರೀನ್ ಚಿತ್ರಮಂದಿರಗಳ ಚಿತ್ರ ತೆಗೆಯುತ್ತಿದ್ದಾರೆ. ಅದು ತಪಸ್ಸಿನಂಥ ಕೆಲಸ. ಅವರನ್ನು ನೋಡಿ ಮೊಬೈಲ್ ಹಿಡಿದವರೂ ಬಹಳ. ಆದರೆ ಟಾಕೀಸಿನ ಚರಿತ್ರೆ ಅದರ ಮುಖದ ಮೇಲೆ ಇರುವುದು ಸ್ವಲ್ಪವೇ. ಮಿಕ್ಕಿದ್ದು ಒಳಗಿದೆ, ಅದರಲ್ಲೂ ಕಾಗದದಲ್ಲಿ. ಕಾಗದದ ಫೋಟೋ ಯಾರೂ ತೆಗೆಯುವುದಿಲ್ಲ.

ಟಿಕೆಟ್ ಕೌಂಟರಿಗೆ ಹೋಗುವ ಓಣಿ ಒಬ್ಬ ಮನುಷ್ಯನ ಅಗಲ. ಎರಡೂ ಕಡೆ ಎದೆಮಟ್ಟದ ಗೋಡೆ, ಮೇಲೆ ಕಬ್ಬಿಣದ ಸರಳು. ಕೊನೆಯಲ್ಲಿ ಮುಷ್ಟಿ ಒಳಹೋಗಿ ಟಿಕೆಟ್ ಹಿಡಿದು ಹೊರಬರುವಷ್ಟು ಕಿಂಡಿ. ಅದರ ಸಿಮೆಂಟಿನ ಅಂಚು ಸವೆದು ನುಣ್ಣಗಾಗಿದೆ. ಹೆಂಗಸರ ಕೌಂಟರ್ ಕಟ್ಟಡದ ಇನ್ನೊಂದು ಮಗ್ಗುಲಲ್ಲಿ, ಅದಕ್ಕೆ ಬೇರೆಯದೇ ಗೇಟು. ವೈದೇಹಿಯವರ 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಕತೆ ಓದಿದವರಿಗೆ ಈ ಗೇಟಿನ ಮಹತ್ವ ಹೇಳಬೇಕಿಲ್ಲ. ಮದುವೆ, ಹಬ್ಬ, ಬಾಣಂತನ ಬಿಟ್ಟು ಹೆಂಗಸರು ಒಟ್ಟಾಗಿ ಮನೆ ಬಿಟ್ಟು ಹೊರಡಲು ಸಿಕ್ಕ ನೆಪ ಅದು. 2008ರಲ್ಲಿ ಗಿರೀಶ ಕಾಸರವಳ್ಳಿ ಅದೇ ಕತೆಯ ಎಳೆ ಹಿಡಿದು ಸಿನಿಮಾ ಮಾಡುವ ಹೊತ್ತಿಗೆ ಟಾಕೀಸಿನ ಜಾಗಕ್ಕೆ ಡಿಶ್ ಆಂಟೆನಾದ ಟಿವಿ ಬಂದು ಕೂತಿತ್ತು.

ಒಳಗೆ ಕತ್ತಲು. ಟಾರ್ಚ್ ಹಾಕಿದರೆ ಪರದೆಯತ್ತ ಇಳಿಯುವ ನೆಲ, ಹಿಂದೆ ಕುರ್ಚಿಗಳ ಕಬ್ಬಿಣದ ಕಾಲುಗಳು, ಮುಂದೆ ಬೆಂಚುಗಳ ಗುರುತು. ಪರದೆಗೆ ತೀರಾ ಹತ್ತಿರದ್ದು ಗಾಂಧಿ ಕ್ಲಾಸು. ಅಲ್ಲಿ ಮೊದಮೊದಲು ನೆಲವೇ ಆಸನ. ಈ ಹಾಲಿನಲ್ಲಿ ನಡುವೆ ಒಂದೂ ಕಂಬವಿಲ್ಲ. ಟಾಕೀಸುಗಳು ಕಲ್ಯಾಣ ಮಂಟಪವೋ ಗೋಡೌನೋ ಆಗಿಬಿಡುವುದಕ್ಕೆ ಅದೇ ಕಾರಣ. ಊರ ನಡುವೆ, ಮುಖ್ಯರಸ್ತೆಗೆ ತಾಗಿ, ಕಂಬವಿಲ್ಲದ ಅಷ್ಟು ದೊಡ್ಡ ಸೂರು ಬೇರೆಲ್ಲಿ ಸಿಗಬೇಕು? ಇಳಿಜಾರಿಗೆ ಮಣ್ಣು ತುಂಬಿ ಮಟ್ಟ ಮಾಡಿದರೆ ಊಟದ ಪಂಕ್ತಿ ಹಾಕಬಹುದು.

ಪರದೆಯ ಬಟ್ಟೆ ಒಂದು ಕಡೆ ಹರಿದು ಜೋತಿದೆ. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರೆ ತುಂಬ ಸೂಜಿಮೊನೆಯ ರಂಧ್ರಗಳು. ಸ್ಪೀಕರ್ ಇರುತ್ತಿದ್ದುದು ಪರದೆಯ ಹಿಂದೆ. ನಾಯಕನ ಬಾಯಿಂದಲೇ ಮಾತು ಬಂದಂತೆ ಕೇಳಿಸಲು ಈ ತೂತುಗಳು ಬೇಕಿತ್ತು. ಇನ್ನೂ ಹಿಂದೆ ಹೋದರೆ ಮೊಣಕಾಲೆತ್ತರದ ಆಳವಾದ ರಂಗಮಂಚ, ಎರಡೂ ಬದಿಗೆ ಬಣ್ಣದ ಕೋಣೆ. ಸಿನಿಮಾ ಕೈಕೊಟ್ಟರೆ ಕಂಪನಿ ನಾಟಕಕ್ಕೆ ಬಾಡಿಗೆ ಕೊಡೋಣವೆಂದು ಕಟ್ಟಿಸಿದ್ದು. ಈ ಸೀಮೆಯಲ್ಲಿ ಆ ಲೆಕ್ಕಾಚಾರ ಸಹಜ. ನಾಟಕ ಕಂಪನಿ ನಡೆಸುತ್ತಲೇ ಸಿನಿಮಾಕ್ಕೆ ಇಳಿದ ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ರಾಜಕುಮಾರ್ ನಾಯಕರಾಗಿ ಬಂದ 'ಬೇಡರ ಕಣ್ಣಪ್ಪ' (1954) ಅವರ ಸಂಸ್ಥೆಯ ಚಿತ್ರವೇ.

ಪ್ರೊಜೆಕ್ಟರ್ ರೂಮಿಗೆ ಹಾಲಿನೊಳಗಿಂದ ದಾರಿಯಿಲ್ಲ, ಹೊರಗಿನ ಮೆಟ್ಟಿಲು. ಬೆಂಕಿಯ ಭಯ. ಮೊದಲಿನ ನೈಟ್ರೇಟ್ ಫಿಲಮ್ಮು ಕಿಡಿ ಸೋಕಿದರೆ ಭಗ್ಗೆಂದು ಹತ್ತಿಕೊಳ್ಳುತ್ತಿತ್ತು. 1950ರ ದಶಕದ ಆರಂಭಕ್ಕೆ ಅದರ ತಯಾರಿಕೆ ನಿಂತಿತಾದರೂ ಭಯ ಕಟ್ಟಡದಲ್ಲಿ ಉಳಿಯಿತು: ಬೇರೆ ಮೆಟ್ಟಿಲು, ಮರಳಿನ ಕೆಂಪು ಬಕೆಟ್ಟು, ಕಿಂಡಿಗಳ ಮೇಲೆ ದಿಢೀರನೆ ಬೀಳುವ ತಗಡಿನ ಮುಚ್ಚಳ. ಒಂದೊಂದು ಯಂತ್ರಕ್ಕೂ ಎರಡೆರಡು ಕಿಂಡಿ, ಒಂದು ಬೆಳಕಿಗೆ, ಇನ್ನೊಂದು ಆಪರೇಟರನ ಕಣ್ಣಿಗೆ.

ಯಂತ್ರಗಳು ಹೋಗಿವೆ. ನೆಲದಲ್ಲಿ ಬೋಲ್ಟು, ಸೂರಿನಲ್ಲಿ ಹೊಗೆ ಕೊಳವೆಯ ತೂತು. ಮೂಲೆಯ ಬಿಸ್ಕತ್ ಡಬ್ಬದಿಂದ ಅವರು ತಾಮ್ರದ ಹೊದಿಕೆಯ ಕಾರ್ಬನ್ ಕಡ್ಡಿಯ ತುಂಡುಗಳನ್ನು ಅಂಗೈಗೆ ಸುರಿದುಕೊಂಡರು. ಎರಡು ಕಡ್ಡಿಗಳ ತುದಿ ಹತ್ತಿರ ತಂದಾಗ ಹೊತ್ತುವ ಬೆಳಕಿನಲ್ಲೇ ಸಿನಿಮಾ ಓಡುತ್ತಿದ್ದುದು. ಕಡ್ಡಿ ಉರಿದು ಗಿಡ್ಡವಾದಂತೆ ತಿರುಪು ತಿರುಗಿಸಿ ಮತ್ತೆ ಹತ್ತಿರ ತರಬೇಕು. ಮೈಮರೆತರೆ ಪರದೆ ಮಂಕು, ಕೆಳಗಿಂದ ಸಿಳ್ಳೆ, ಅವ್ವ ಅಪ್ಪನ ಸಮೇತ ಬೈಗುಳ. ಎರಡು ಸಾವಿರ ಅಡಿಯ ರೀಲು ಓಡುವುದು ಸುಮಾರು 22 ನಿಮಿಷ. ಮುಗಿಯುವ ಮೊದಲು ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಯಂತ್ರದ ಮೋಟಾರ್ ಚಾಲೂ. ಇನ್ನೊಂದು ಚುಕ್ಕೆಗೆ ಬೆಳಕು ಬದಲು. "ನಾನು ಪೂರ್ತಿ ಸಿನಿಮಾ ನೋಡಿದ್ದು ಕಮ್ಮಿ ಸಾರ್. ಚುಕ್ಕೆ ನೋಡಿದ್ದೇ ಜಾಸ್ತಿ."

ಒಂದೇ ಪ್ರಿಂಟು ಎರಡು ಊರಿನಲ್ಲಿ ಓಡಿದ್ದೂ ಉಂಟಂತೆ. ಪಕ್ಕದ ಊರಿನ ಆಟ ಅರ್ಧ ಗಂಟೆ ಮೊದಲು ಶುರು; ಅಲ್ಲಿ ಮುಗಿದ ರೀಲು ಹುಡುಗನೊಬ್ಬನ ಬೈಕಿನಲ್ಲಿ ಇಲ್ಲಿಗೆ. ರೀಲು ತಡವಾದರೆ ಬಟ್ಟೆ ಅಂಗಡಿಯ ಸ್ಲೈಡು, ಅದೂ ಮುಗಿದರೆ ಫಿಲ್ಮ್ಸ್ ಡಿವಿಷನ್‌ನ ವಾರ್ತಾಚಿತ್ರ. ಬಿಹಾರದ ಪ್ರವಾಹವನ್ನು ನಮ್ಮ ಜನ ಅಷ್ಟು ಶ್ರದ್ಧೆಯಿಂದ ನೋಡಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಪ್ರಿಂಟು ದುಬಾರಿ. ಹಾಗಾಗಿ ಕೆಲವೇ ಪ್ರಿಂಟು ತೆಗೆಸಿ ಮೊದಲು ಬೆಂಗಳೂರು, ಆಮೇಲೆ ಜಿಲ್ಲಾ ಕೇಂದ್ರ, ಕೊನೆಗೆ ಇಂಥ ಸಿ ಸೆಂಟರ್. ಗಾಂಧಿನಗರದ ಹಂಚಿಕೆದಾರರ ಭಾಷೆಯಲ್ಲಿ ಈ ಸೀಮೆ ಬಿಕೆಟಿ, ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಬೆಂಗಳೂರಿನಲ್ಲಿ ಹೆಸರು ಮಾಡಿಯೇ ಚಿತ್ರ ಇಲ್ಲಿಗೆ ಬರುತ್ತಿತ್ತು; ಗೀರು ಬಿದ್ದಿರುತ್ತಿತ್ತು, ಆದರೆ ಸೋಲುವ ಭಯ ಇರುತ್ತಿರಲಿಲ್ಲ. ಡಿಜಿಟಲ್ ಬಂತು. ಯುಎಫ್‌ಒ, ಕ್ಯೂಬ್ ಕಂಪನಿಗಳ ಪೆಟ್ಟಿಗೆ ಬಂದ ಮೇಲೆ ರಾಜಧಾನಿಗೂ ಇಲ್ಲಿಗೂ ಒಂದೇ ಶುಕ್ರವಾರ. ಎಲ್ಲರೂ ಅದನ್ನು ಸಮಾನತೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ತಡವಾಗಿ ಬರುವುದೇ ಸಣ್ಣ ಊರಿನ ಟಾಕೀಸಿನ ಬಂಡವಾಳವಾಗಿತ್ತು. ಈಗ ಗೆಲ್ಲುತ್ತದೋ ಸೋಲುತ್ತದೋ ಗೊತ್ತಿಲ್ಲದ ಚಿತ್ರಕ್ಕೆ ಇವರೂ ಮೊದಲ ದಿನವೇ ಬಾಗಿಲು ತೆರೆಯಬೇಕು, ಮೂರನೇ ದಿನ ನೊಣ ಹೊಡೆಯಬೇಕು. ಮೊಬೈಲು, ಓಟಿಟಿ ಎಲ್ಲ ಆಮೇಲಿನ ಪೆಟ್ಟು.

ಮ್ಯಾನೇಜರ್ ಕೋಣೆಯಲ್ಲಿ ಗೋಣಿಚೀಲಗಳು. ಒಳಗೆ ಡಿಸಿಆರ್ ಪುಸ್ತಕ, ದಿನದ ಕಲೆಕ್ಷನ್ನಿನ ಲೆಕ್ಕ. ದಿನಕ್ಕೊಂದು ಪುಟ. ಚಿತ್ರದ ಹೆಸರು, ಆಟ, ತರಗತಿ, ಮೊದಲ ಟಿಕೆಟ್ಟಿನ ನಂಬರು, ಕೊನೆಯದರ ನಂಬರು, ದರ, ಮನರಂಜನಾ ತೆರಿಗೆ, ಉಳಿದದ್ದರಲ್ಲಿ ಹಂಚಿಕೆದಾರನ ಪಾಲು. ಕೆಳಗೆ ಮ್ಯಾನೇಜರ್ ಸಹಿ, ಪಕ್ಕದಲ್ಲಿ ಪ್ರಿಂಟಿನ ಜೊತೆ ಬಂದ ರೆಪ್ರೆಸೆಂಟೇಟಿವ್ ಸಹಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದ್ದರಿಂದ ಲೆಕ್ಕವನ್ನು ನಂಬಬಹುದು.

ನಾನು ಅಲ್ಲೇ ಕೂತೆ. 'ಬಂಗಾರದ ಮನುಷ್ಯ' (1972) ಮತ್ತೆ ಮತ್ತೆ ಬರುತ್ತದೆ, ಹೆಚ್ಚಾಗಿ ಸುಗ್ಗಿ ಮುಗಿದ ಮೇಲೆ. ಸಂತೆಯ ದಿನ ಮ್ಯಾಟ್ನಿ ಉಬ್ಬುತ್ತದೆ, ಬಿತ್ತನೆ ವಾರಗಳಲ್ಲಿ ಸೆಕೆಂಡ್ ಶೋ ಬರಿದು. ಷರಾ ಕಾಲಂನಲ್ಲಿ ಒಂದೊಂದೇ ಮಾತು: ಮಳೆ. ಕರೆಂಟ್ ಇಲ್ಲ. ಜಾತ್ರೆ. 12-4-2006ರ ಪುಟದಲ್ಲಿ ಬೆಳಗಿನ ಆಟದ ಟಿಕೆಟ್ ನಂಬರಿದೆ; ಮ್ಯಾಟ್ನಿಯಿಂದ ಕೆಳಗೆ ಒಂದು ಗೆರೆ. ಮರುದಿನದ ಪುಟಕ್ಕೂ ಗೆರೆ. ರಾಜಕುಮಾರ್ ತೀರಿಕೊಂಡ ದಿನ. ಷರಾ ಖಾಲಿ, ಕಾರಣ ಬರೆಯಬೇಕೆಂದು ಮ್ಯಾನೇಜರಿಗೆ ಅನ್ನಿಸಿಲ್ಲ. ಕಡೆಯ ಪುಸ್ತಕ 2020ರ ಮಾರ್ಚ್ 13, ಶುಕ್ರವಾರಕ್ಕೆ ನಿಲ್ಲುತ್ತದೆ. ಮರುದಿನದಿಂದ ಕೊರೊನಾ ಕಾರಣಕ್ಕೆ ರಾಜ್ಯದ ಚಿತ್ರಮಂದಿರಗಳು ಬಂದ್. ಮತ್ತೆ ತೆರೆಯಲು ಅನುಮತಿ ಬಂದಾಗ ಇವರು ತೆರೆಯಲಿಲ್ಲ.

ಒಂದು ಊರು ಯಾವ ದಿನ ಏನು ನೋಡಿತು, ಎಷ್ಟು ಕೊಟ್ಟಿತು, ಯಾವ ಮಳೆಗೆ ಮನೆಯಲ್ಲಿ ಉಳಿಯಿತು ಎಂಬುದಕ್ಕೆ ಇಷ್ಟು ಖಚಿತ ದಾಖಲೆ ಇನ್ನೊಂದಿಲ್ಲ. ಪ್ರೊಜೆಕ್ಟರಿಗೆ ಹೋಟೆಲಿನ ಮುಂದೆ ನಿಲ್ಲಿಸುವವರು ಸಿಕ್ಕುತ್ತಾರೆ, ಡಿಸಿಆರ್‌ಗೆ ಸಿಕ್ಕುವವನು ಗುಜರಿಯವನೊಬ್ಬನೇ. ಫೋನಿನಲ್ಲಿ ಯಜಮಾನರನ್ನು ಕೇಳಿದೆ. "ಬೇಕಾದ್ರೆ ತಗೊಂಡ್ ಹೋಗಿ. ಆಷಾಢ ಕಳೀಲಿ, ಶ್ರಾವಣಕ್ಕೆ ಜೆಸಿಬಿ ಬರುತ್ತೆ" ಎಂದರು.

ಪುಸ್ತಕಗಳು ಬಂದರೂ ಕಟ್ಟಡದ ಹುಟ್ಟಿನ ಕತೆ ಬೇರೆ ಕಡೆ ಇದೆ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು, ಎಂದರೆ ಡಿಸಿ. ನಕ್ಷೆ, ತಕರಾರು ಅರ್ಜಿ, ತಪಾಸಣೆಯ ವರದಿ ಉಳಿದಿದ್ದರೆ ತುಮಕೂರಿನ ರೆಕಾರ್ಡ್ ರೂಮಿನಲ್ಲಿ ಇರಬೇಕು. ಕಡತ ತೆಗೆಸಲು ಲೈಸೆನ್ಸ್ ನಂಬರು ಬೇಕು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಲೈಸೆನ್ಸೇನೋ ಇದೆ, ನಂಬರಿನ ಜಾಗವನ್ನೇ ಗೆದ್ದಲು ತಿಂದಿದೆ.

"ಅಷ್ಟಕ್ಕೆ ಯಾಕ್ ಯೋಚ್ನೆ ಮಾಡ್ತೀರಾ ಸಾರ್? ಡಿಸಿಆರ್ ಮೊದಲ್ನೇ ಪುಟದಲ್ಲಿ ಬರ್ದಿರ್ತಾರೆ" ಎನ್ನುತ್ತ ಅವರು ಟಾರ್ಚನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಗೋಣಿಚೀಲದ ದಾರ ಬಿಚ್ಚತೊಡಗಿದರು.