ಮನದ ಭಾರವನ್ನು ಅಳೆಯುವವರು

ಶ್ರೀರಂಗಪಟ್ಟಣದ ಕೋಟೆಯನ್ನು ಹಿಂದಕ್ಕೆ ಬಿಟ್ಟು, ಕಾವೇರಿಯ ದಕ್ಷಿಣದ ಕವಲನ್ನು ದಾಟಿ ಮೈಸೂರಿನ ಕಡೆಗೆ ಹೊರಟ ಬಸ್ಸಿನಲ್ಲಿ ಯಾವ ದಿನ ಕುಳಿತರೂ, ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದ ನಾಲ್ಕಾರು ಮಂದಿಯಾದರೂ ಕಣ್ಣಿಗೆ ಬೀಳದಿರರು. ಪಾಂಡವಪುರದ ನಾಲೆಯ ಬಯಲಿನವರು, ಹೇಮಾವತಿಯ ನೀರನ್ನು ನೆಚ್ಚಿದ ಕೃಷ್ಣರಾಜಪೇಟೆಯವರು, ರಾಗಿ ಹುರುಳಿಗಳ ಬೆದ್ದಲನ್ನು ಉತ್ತು ಬಾಳುವ ನಾಗಮಂಗಲದವರು: ಇವರೆಲ್ಲರಿಗೂ ದೊಡ್ಡ ಕಾಯಿಲೆಯ ದಾರಿಯೆಂದರೆ ಬಹುಕಾಲದಿಂದ ಮೈಸೂರಿನ ದಾರಿಯೇ. ಈಚೆಗೆ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ, 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯವು ಆ ದೂರವನ್ನು ಕೊಂಚ ತಗ್ಗಿಸಿದೆ. ಆದರೂ ಮೈಸೂರಿನ ಮಂಡಿ ಮೊಹಲ್ಲದ ‘ಮಿಷನ್ ಆಸ್ಪತ್ರೆ’ಯ ಹೆಸರು ನಮ್ಮ ಸೀಮೆಯ ಅಜ್ಜಿಯರ ಬಾಯಲ್ಲಿ ಇನ್ನೂ ಮಾಸಿಲ್ಲ. 1906ರಲ್ಲಿ ಸ್ಥಾಪಿತವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೇ ಅದು. ಅಲ್ಲಿ ಹೆರಿಗೆಯಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಮನುಷ್ಯನ ಬುದ್ಧಿ ಹೇಗೆ ಬೆಳೆಯುತ್ತದೆ, ಅವನ ದೇಹವು ಒತ್ತಡವನ್ನು ಹೇಗೆ ಹೊರುತ್ತದೆ ಎಂಬುದನ್ನು ದಶಕಗಳಿಂದ ಶೋಧಿಸಿದ ಸಂಶೋಧನ ಘಟಕವೊಂದು ಅದೇ ಆವರಣಕ್ಕೆ ಸೇರಿದುದೆಂಬುದನ್ನು ಬಲ್ಲವರು ವಿರಳ.

ಈ ಶೋಧದ ಮೊದಲ ದುಡಿಮೆಗಾರರು ವಿಜ್ಞಾನಿಗಳಲ್ಲ, ದಾದಿಯರು. 1934ರಿಂದ ಮೊದಲ್ಗೊಂಡು, ಆ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಗಳನ್ನು ಅವರು ದಪ್ಪ ದಪ್ಪ ದಾಖಲೆ ಪುಸ್ತಕಗಳಲ್ಲಿ ಬರೆದಿಡುತ್ತ ಬಂದರು. ಹೆತ್ತವಳ ನೋವು, ಕೂಸಿನ ಅಳು, ಹೊರಗೆ ಕಾದು ನಿಂತ ಬಂಧುಗಳ ಆತುರ, ಇಷ್ಟರ ನಡುವೆ ಅಳತೆಯ ಪಟ್ಟಿಯನ್ನು ನೆಟ್ಟಗೆ ಹಿಡಿದು, ಕಂಡುದನ್ನು ಕಂಡಂತೆ ಬರೆದ ಆ ಕೈಗಳಿಗೆ ತಮ್ಮ ಬರಹವು ಅರುವತ್ತು ವರ್ಷಗಳ ತರುವಾಯ ಲೋಕದ ಕಣ್ಣಿಗೆ ಬೀಳುವುದೆಂಬ ಕಲ್ಪನೆ ಇದ್ದಿರಲಾರದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಬಾರ್ಕರ್, ಗರ್ಭದಲ್ಲಿನ ಪೋಷಣೆಗೂ ಮುಂದಿನ ಬಾಳಿನ ರೋಗಗಳಿಗೂ ನಂಟುಂಟೆಂದು ವಾದಿಸುತ್ತಿದ್ದ ಕಾಲದಲ್ಲಿ, ಅವರೂ ಕ್ಯಾರೊಲೈನ್ ಫಾಲ್ ಮೊದಲಾದ ಸಹೋದ್ಯೋಗಿಗಳೂ ಈ ದಾಖಲೆಗಳ ನೆರವಿನಿಂದ, ಇಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದ 517 ಮಂದಿಯನ್ನು ಪರೀಕ್ಷಿಸಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯದ ರೋಗ ಹೆಚ್ಚಾಗಿತ್ತೆಂದು 1996ರಲ್ಲಿ ಪ್ರಕಟಿಸಿದರು. ಅಂದಿನ ದಾದಿಯರಲ್ಲಿ ಒಬ್ಬಳಾದರೂ ಬೇಸತ್ತು ಅಂದಾಜಿನ ಅಂಕಿಗಳನ್ನು ತುಂಬುತ್ತ ಹೋಗಿದ್ದರೆ ಈ ಕಟ್ಟಡದ ಅಡಿಗಲ್ಲೇ ಸಡಿಲವಾಗುತ್ತಿತ್ತು.

1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಆರಂಭವಾದ ‘ಪಾರ್ಥೆನಾನ್’ ಅಧ್ಯಯನವು ಇನ್ನೂ ಹಿಂದಕ್ಕೆ, ಬಸಿರಿಯರ ಬಳಿಗೇ ಹೋಯಿತು. ತಾಯಂದಿರ ರಕ್ತದಲ್ಲಿನ ಸಕ್ಕರೆಯನ್ನೂ ಜೀವಸತ್ವಗಳನ್ನೂ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಹುಡುಕಿ ನೋಡುವ ಕಾರ್ಯವದು. ಹುಡುಕಿ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಬಾಣಂತಿ ತವರಿಗೆ ಹೋಗಿರುತ್ತಾಳೆ. ಬಾಡಿಗೆಯ ಮನೆ ಬದಲಾಗಿರುತ್ತದೆ. ‘ನಮ್ಮ ಮಗೀಗೆ ಏನೂ ಕಾಯಿಲೆ ಇಲ್ವಲ್ಲ, ಸುಮ್ನೆ ಯಾಕವ್ವ ರಕ್ತ ತೆಗೀತೀರಿ?’ ಎಂಬ ಅತ್ತೆಯ ಪ್ರಶ್ನೆ ಬಾಗಿಲಲ್ಲಿಯೇ ಎದುರಾಗುತ್ತದೆ. ಇಂಥ ಅಧ್ಯಯನಗಳಲ್ಲಿ ಮನೆಮನೆಗೆ ತಿರುಗುವವರ ಸಹನೆಯಿಲ್ಲದೆ ಪ್ರಯೋಗಶಾಲೆಯ ಯಾವ ಯಂತ್ರವೂ ಉಪಯೋಗಕ್ಕೆ ಬಾರದು.

ಮಕ್ಕಳಿಗೆ ಒಂಬತ್ತು ಹತ್ತು ವರ್ಷಗಳಾದಾಗ ಅವರ ಗ್ರಹಣಶಕ್ತಿಯನ್ನು ಪರೀಕ್ಷಿಸಲಾಯಿತು. ಬಣ್ಣದ ಘನಗಳನ್ನು ಜೋಡಿಸಿ ತೋರಿಸಿದ ಚಿತ್ರವನ್ನು ಮೂಡಿಸುವುದು. ಅರ್ಥವಿಲ್ಲದ ಹೆಸರು ಹೊತ್ತ ಮೀನು, ಗಿಡ, ಚಿಪ್ಪುಗಳ ಚಿತ್ರಗಳನ್ನು ನೋಡಿ ಆ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು. ಮಕ್ಕಳ ಪಾಲಿಗೆ ಇದು ಆಟವೇ ಸರಿ. ಪರೀಕ್ಷಿಸುವವರಿಗೆ ಅದು ಕಠಿನವಾದ ವ್ರತ. ಮೊದಲನೆಯ ಮಗುವಿಗೆ ಹೇಗೆ ಹೇಳಿದರೋ ನೂರನೆಯ ಮಗುವಿಗೂ ಅದೇ ಮಾತು, ಅದೇ ಧ್ವನಿ, ಅಷ್ಟೇ ಸಮಯ. ಉತ್ತರ ನಾಲಗೆಯ ತುದಿಗೆ ಬಂದು ತಡವರಿಸುತ್ತಿರುವ ಕೂಸಿಗೆ ಸುಳಿವು ಕೊಡಬೇಕೆಂಬ ಸಹಜವಾದ ಮಮತೆಯನ್ನು ತಡೆದು ಹಿಡಿಯಬೇಕು. ಎಸ್.ಆರ್. ವೀಣಾ, ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದಂತೆ, ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಾಗಿದ್ದ ಮಕ್ಕಳು ಈ ಪರೀಕ್ಷೆಗಳಲ್ಲಿ ಮೇಲಾದ ಅಂಕಗಳನ್ನು ಪಡೆದರು. ಬಿ12 ಜೀವಸತ್ವಕ್ಕೆ ಅಂಥ ಸಂಬಂಧ ತೋರಲಿಲ್ಲ. ಫೋಲೇಟ್ ಇರುವುದು ಸೊಪ್ಪು ಕಾಳುಗಳಲ್ಲಿ. ಮಸ್ಸೊಪ್ಪು, ಬಸ್ಸಾರುಗಳ ನಾಡಿನವರಾದ ನಮಗೆ ಇದು ಸಂತೋಷದ ಸುದ್ದಿ; ಆದರೆ ಅತಿಯಾಗಿ ಬೇಯಿಸಿದರೆ ಆ ಸತ್ವದ ಬಹುಭಾಗ ನಷ್ಟವಾಗುವುದೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು.

ನನ್ನ ಮನಸ್ಸನ್ನು ಬಹುವಾಗಿ ಸೆಳೆದುದು ಒತ್ತಡದ ಪರೀಕ್ಷೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 1993ರಲ್ಲಿ ಪ್ರಕಟವಾದ ಈ ವಿಧಾನದ ಮಕ್ಕಳ ಆವೃತ್ತಿಯನ್ನು ಮೈಸೂರಿನವರು ತಮ್ಮ ಮಕ್ಕಳು ಹದಿಮೂರು ದಾಟಿದ ಪ್ರಾಯದಲ್ಲಿ ಕೈಗೊಂಡರು. ಅಪರಿಚಿತರಾದ ಹಿರಿಯರ ಮುಂದೆ ಬಾಲಕನು ಒಬ್ಬನೇ ನಿಲ್ಲುತ್ತಾನೆ. ಕಥೆಯೊಂದರ ಆರಂಭವನ್ನು ಕೇಳಿಸಿ, ಉಳಿದುದನ್ನು ನೀನೇ ಕಟ್ಟಿ ಹೇಳು ಎನ್ನುತ್ತಾರೆ. ಅದು ಮುಗಿದ ಕೂಡಲೆ ಬಾಯಿಲೆಕ್ಕದಲ್ಲಿ ಕಳೆಯುತ್ತ ಹೋಗು ಎನ್ನುತ್ತಾರೆ. ಅಂಗೈ ಬೆವರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ; ಅದರ ಏರಿಕೆ ಎಂಜಲಿನಲ್ಲಿಯೂ ತೋರುವುದರಿಂದ ಸೂಜಿ ಚುಚ್ಚಬೇಕಾದುದಿಲ್ಲ, ಹತ್ತಿಯ ಸುರುಳಿಯೊಂದನ್ನು ಬಾಯಲ್ಲಿಟ್ಟು ತೆಗೆದರೆ ಸಾಕು. ಆದರೆ ಆ ಏರಿಕೆ ಎದೆಬಡಿತದಂತೆ ತತ್‌ಕ್ಷಣ ಕಾಣಿಸಿಕೊಳ್ಳುವಂಥದಲ್ಲ; ಭಯ ಹುಟ್ಟಿ ಇಪ್ಪತ್ತು ಮೂವತ್ತು ನಿಮಿಷಗಳಾದ ಮೇಲೆ ಶಿಖರವನ್ನು ಮುಟ್ಟುತ್ತದೆ. ಬೆಳಗ್ಗೆ ತಾನಾಗಿಯೇ ಹೆಚ್ಚಾಗಿದ್ದು ಹೊತ್ತು ಏರಿದಂತೆ ಇಳಿಯುವುದು ಅದರ ಸ್ವಭಾವವಾದುದರಿಂದ, ಯಾವ ಗಳಿಗೆಯಲ್ಲಿ ಯಾವ ಸುರುಳಿ ತೆಗೆದುದೆಂಬುದನ್ನು ಬರೆದಿಡುವವರ ಗಡಿಯಾರವು ತಪ್ಪಬಾರದು. ಎಲ್ಲವೂ ಮುಗಿದ ಮೇಲೆ ಹುಡುಗನನ್ನು ಕೂರಿಸಿಕೊಂಡು, ‘ಇದು ಪಾಸು ಫೇಲಿನ ಪರೀಕ್ಷೆ ಅಲ್ಲಪ್ಪ, ನಿನ್ನ ದೇಹ ಹೇಗೆ ಸ್ಪಂದಿಸುತ್ತೆ ಅಂತ ನೋಡಿದ್ದು ಅಷ್ಟೆ’ ಎಂದು ಬಿಡಿಸಿ ಹೇಳಿ, ಅವನ ಮುಖ ಸಡಿಲವಾಗುವವರೆಗೆ ಜೊತೆಗಿರುವುದೂ ಈ ಕೆಲಸದ ಅಂಗವೇ. ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳ ಹೃದಯ ಮತ್ತು ರಕ್ತನಾಳಗಳು ಇಂಥ ಒತ್ತಡಕ್ಕೆ ಹೆಚ್ಚು ತೀವ್ರವಾಗಿ ಸ್ಪಂದಿಸುತ್ತವೆಂದು ಇದರಿಂದ ತಿಳಿದುಬಂದಿತು.

ಮನಸ್ಸನ್ನು ಅಳೆಯುವ ವಿದ್ಯೆ ಮೈಸೂರಿಗೆ ಹೊಸತಲ್ಲ. ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದಾಗ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಮನಶ್ಶಾಸ್ತ್ರ ವಿಭಾಗವನ್ನು ತೆರೆಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತು, ಕೈಗಳ ಕಲಿಕೆಯಲ್ಲಿ ಬುದ್ಧಿಯ ಪಾತ್ರವೇನೆಂಬುದನ್ನು ಪರಿಶೋಧಿಸಿ ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದ ಮಹನೀಯರೆಂದೇ ಜನ ಅವರನ್ನು ನೆನೆಯುತ್ತಾರೆ, ಪ್ರಯೋಗಾತ್ಮಕ ಮನಶ್ಶಾಸ್ತ್ರವನ್ನು ಈ ನೆಲದಲ್ಲಿ ಊರಿದ ಅವರ ಸೇವೆಯೂ ಅಷ್ಟೇ ಸ್ಮರಣೀಯವಾದುದು.

ಬುದ್ಧಿಯನ್ನು ಕುರಿತ ಸ್ಪಿಯರ್‌ಮನ್ನರ ತತ್ತ್ವವನ್ನು ಆಧರಿಸಿ ಜಾನ್ ರೇವೆನ್ ರಚಿಸಿದ ಆಕೃತಿಗಳ ಪರೀಕ್ಷೆಯು ಕೊನೆಗೆ ಕಬ್ಬಿನ ಗದ್ದೆಯವರೆಗೂ ಬಂದಿತು. ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಸೀಮೆಯ 464 ಮಂದಿ ಕಬ್ಬಿನ ರೈತರಿಗೆ, ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದಾಗ ಇನ್ನೊಮ್ಮೆ, ಆ ಪರೀಕ್ಷೆಯನ್ನು ಕೊಟ್ಟ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಅದೇ ರೈತನೇ ಕಟಾವಿಗೆ ಮುಂಚೆ ಕಡಿಮೆ ಅಂಕಗಳನ್ನು ಪಡೆದಿದ್ದನು. ಬುದ್ಧಿ ಕುಂದಿದುದಲ್ಲ; ಬಡ್ಡಿ, ಗಿರವಿ, ಮಗಳ ಫೀಜುಗಳ ಲೆಕ್ಕವೇ ಬುದ್ಧಿಯ ಜಾಗವನ್ನು ಆಕ್ರಮಿಸಿಕೊಂಡಿತ್ತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿದ್ದ ವರ್ಷಗಳನ್ನು ಕಂಡ ನಮ್ಮ ರೈತರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಬಲಿತ ಕಬ್ಬು ಗದ್ದೆಯಲ್ಲಿಯೇ ಒಣಗುತ್ತಿರುವಾಗ ಸಿಕ್ಕಿದ ಬೆಲೆಗೆ ಆಲೆಮನೆಗೆ ಒಪ್ಪಿಸಿದವನನ್ನು ‘ಬುದ್ಧಿಯಿಲ್ಲದವನು’ ಎಂದು ಹಳಿದವರು, ಆ ಹೊತ್ತಿನಲ್ಲಿ ಅವನ ತಲೆಯ ಮೇಲೆ ಏನೇನಿತ್ತೆಂಬುದನ್ನು ಕೇಳಿರಲಾರರು.

ಅಂಥದೇ ಅಧ್ಯಯನವೊಂದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ನಡೆಯಬೇಕೆಂಬುದು ನನ್ನ ಹಂಬಲ. ಅದಕ್ಕೆ ಬೇಕಾದ ವಿದ್ಯೆ ಒಂದೆರಡು ಗಂಟೆಯ ಹಾದಿಯ ಮೈಸೂರಿನಲ್ಲಿದೆ, ವೈದ್ಯಕೀಯ ವಿದ್ಯಾರ್ಥಿಗಳು ಬಿ.ಜಿ. ನಗರದಲ್ಲಿಯೇ ಇದ್ದಾರೆ. ನಾಲೆಯ ನೀರು ಯಾವಾಗ ಬಿಡುತ್ತಾರೆ, ಕಟಾವಿನ ಸರದಿ ಯಾರಿಗೆ ಯಾವಾಗ ಬರುತ್ತದೆ, ಸಂಘದ ಸಾಲದ ಕಂತಿನ ದಿನ ಯಾವುದು ಎಂಬುದನ್ನು ಬಲ್ಲ ಊರಿನ ಹುಡುಗ ಹುಡುಗಿಯರನ್ನೇ ಆ ಕೆಲಸಕ್ಕೆ ತರಬೇತು ಮಾಡಿದರೆ, ಜಗಲಿಯಲ್ಲಿ ಕುಳಿತ ರೈತನು ಅವರ ಪ್ರಶ್ನೆಗಳಿಗೆ ಮನಬಿಚ್ಚಿ ಉತ್ತರ ಕೊಟ್ಟಾನು.