ಸಿಮೆಂಟು ಮತ್ತು ಗಾರೆಯವರ ಕೈ

ಗಾರೆ ಕೆಲಸದವರ ಅಂಗೈ ಒರಟಾಗಿರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಕೆಲವರಲ್ಲಿ ಅದು ಒರಟುತನಕ್ಕೇ ನಿಲ್ಲದೆ, ಬೆರಳ ಸಂದುಗಳು ಕೆಂಪೇರಿ, ತುರಿಸಿ, ನೀರೊಡೆದು, ಚರ್ಮ ಬಿರಿಯುತ್ತದೆ. ಸಿಮೆಂಟಿನ ಸುಣ್ಣದ ಉರಿಯೇ ಇದಕ್ಕೆ ಕಾರಣವೆಂಬ ತಿಳಿವಳಿಕೆ ಅರ್ಧ ಮಾತ್ರ ನಿಜ.

ನೀರು ಬೆರೆತ ಸಿಮೆಂಟು ಪ್ರಬಲವಾದ ಕ್ಷಾರ. ಅದು ಯಾರ ಚರ್ಮವನ್ನಾದರೂ ಸುಡಬಲ್ಲದು. ಇಲ್ಲಿ ಹೇಳಹೊರಟಿರುವುದು ಕ್ರೋಮಿಯಂ ಎಂಬ ಲೋಹದ ಒಗ್ಗದಿಕೆಯನ್ನು. ಕಚ್ಚಾ ಸಾಮಗ್ರಿಯಲ್ಲಿ ಅತ್ಯಲ್ಪವಾಗಿರುವ ಈ ಲೋಹದ ಒಂದಂಶವು, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗೂಡಿನಲ್ಲಿ ಬೇಯುವಾಗ ಕ್ರೋಮೇಟಾಗಿ ಮಾರ್ಪಡುತ್ತದೆ. ಕ್ರೋಮೇಟು ನೀರಿನಲ್ಲಿ ಕರಗಿ ಚರ್ಮದೊಳಕ್ಕೆ ಇಳಿಯುತ್ತದೆ. ಅಲ್ಲಿ ರೂಪಾಂತರ ಹೊಂದಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ರಕ್ಷಣೆಗೆಂದೇ ಇರುವ ಲಿಂಫೋಸೈಟು ಕಣಗಳು ಅದನ್ನು ಪರಕೀಯವೆಂದು ಗುರುತಿಟ್ಟುಕೊಳ್ಳುತ್ತವೆ. ಒಮ್ಮೆ ಗುರುತಾಯಿತೆಂದರೆ ಅದು ಬಹುಮಟ್ಟಿಗೆ ಜೀವನಪರ್ಯಂತ ಅಳಿಯದು.

ವಿಚಿತ್ರವೆಂದರೆ, ಈ ಗುರುತು ಮೂಡಲು ವರ್ಷಗಳೇ ಹಿಡಿಯಬಹುದು. ಹತ್ತು ವರ್ಷ ನಿರಾತಂಕವಾಗಿ ಕರಣೆ ಹಿಡಿದವನು "ಸಿಮೆಂಟು ನನಗೆ ಹೊಸದೇ?" ಎಂದು ಕೇಳುವುದು ಸಹಜ. ಮೇಲಾಗಿ ತುರಿಕೆಯು ಮುಟ್ಟಿದ ಕೂಡಲೇ ಬಾರದೆ ಒಂದೆರಡು ದಿನ ತಡವಾಗಿ ಕಾಣುವುದರಿಂದ ಸಂಶಯ ಬೇರೆಡೆಗೆ ಹೋಗುತ್ತದೆ. ಔಷಧ ಹಚ್ಚಿ ವಾಸಿಯಾದ ಕೈ ಕೆಲಸಕ್ಕೆ ಮರಳಿದೊಡನೆ ಮತ್ತೆ ಬಿರಿಯುತ್ತದೆ. ದಿನಗೂಲಿಯವನಿಗೆ ಇದು ಚರ್ಮದ ಮಾತಲ್ಲ, ಅನ್ನದ ಮಾತು.

ಇದನ್ನು ಪತ್ತೆಹಚ್ಚಲು ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನಗಳ ಬಳಿಕ ನೋಡುವ ಪರೀಕ್ಷೆಯೊಂದಿದೆ. ಜರ್ಮನಿಯ ಯೋಸೆಫ್ ಯಾಡಾಸೋನ್ ಅದನ್ನು 1895ರಲ್ಲಿ ಪ್ರಕಟಪಡಿಸಿದರು. ಗಾರೆಯವರ ಇಸುಬಿಗೂ ಕ್ರೋಮೇಟಿಗೂ ಇರುವ ನಂಟನ್ನು ಸ್ವಿಟ್ಜರ್ಲೆಂಡಿನ ವೈದ್ಯರು 1950ರಲ್ಲಿ ತೋರಿಸಿಕೊಟ್ಟರು.

ಪರಿಹಾರವು ನಮ್ಮ ಹಳ್ಳಿಯ ವೈದ್ಯರೂ ಬಲ್ಲ ವಸ್ತುವಿನಲ್ಲಿದೆ: ಅನ್ನಭೇದಿ. ಸಿಮೆಂಟಿಗೆ ಇದನ್ನು ಸ್ವಲ್ಪ ಬೆರೆಸಿದರೆ ಕ್ರೋಮೇಟು ಕರಗದ ರೂಪಕ್ಕೆ ತಿರುಗುತ್ತದೆ. ಡೆನ್ಮಾರ್ಕ್ 1983ರಲ್ಲಿಯೇ ಕರಗುವ ಕ್ರೋಮೇಟಿಗೆ ದಶಲಕ್ಷಕ್ಕೆ 2 ಭಾಗಗಳ ಮಿತಿ ವಿಧಿಸಿತು. ಅಲ್ಲಿ ಕಟ್ಟಡ ಕಾರ್ಮಿಕರಲ್ಲಿ ಈ ಬಾಧೆ ಇಳಿಯಿತು. ಐರೋಪ್ಯ ಒಕ್ಕೂಟದಲ್ಲಿ ಅದೇ ಮಿತಿ 2005ರಿಂದ ಜಾರಿಗೆ ಬಂದಿತು. ಆದರೆ ತೇವ ತಗಲಿದ, ಬಹುಕಾಲ ದಾಸ್ತಾನಾದ ಚೀಲದಲ್ಲಿ ಅನ್ನಭೇದಿಯ ಶಕ್ತಿ ಕುಂದುತ್ತದೆ.

ಕೆಲಸದ ಸ್ಥಳದಲ್ಲಿ ಕರಣೆ, ಬಾಂಡಲಿ ತೊಳೆದ ಪೀಪಾಯಿಯ ನೀರಿನಲ್ಲೇ ಕೈ ತೊಳೆಯುವ ರೂಢಿಯುಂಟು. ಕರಗಿದ ಕ್ರೋಮೇಟು ಇರುವುದೇ ಅದರಲ್ಲಿ. ಕೈಗೆ ಬೇರೆ ಶುದ್ಧ ನೀರು ಬೇಕು. ಕೈಗವಸು ರಬ್ಬರಿನದಾಗಿರಲಿ, ಚರ್ಮದ ಕೈಗವಸು ಸಾಮಾನ್ಯವಾಗಿ ಕ್ರೋಮಿಯಂನಿಂದಲೇ ಹದಮಾಡಿದ್ದು.